ತವರಿಗೆ ಹೋಗಿದ್ದಾಳೆ ಎಂದು ಬರೆದ ಮಳೆಗಾಲ

ಯೋಗೇಶನ ಫೋನು ಬಂದಾಗ ನಾನು ಶ್ರೀರಂಗಪಟ್ಟಣದ ಮನೆಯಲ್ಲಿ ಡ್ಯೂಟಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ. "ಸಿಸ್ಟರ್, ಅವ್ವ ತೀರ್ಕಂಡ್ಲು. ಭಾನ್ವಾರ ತಿಥಿ ಮಡಗಿವ್ನಿ. ನೀವು ಬರ್ಲೇಬೇಕು, ಅವ್ವಂಗೆ ನಿಮ್ ಕಂಡ್ರೆ ಬಾಳ ಇಷ್ಟ" ಎಂದ. ಬರ್ತೀನಪ್ಪ ಎಂದು ಹೇಳಿ ಫೋನು ಇಟ್ಟೆ. ಹೆಣೆಯುತ್ತಿದ್ದ ಜಡೆ ಅರ್ಧಕ್ಕೇ ನಿಂತಿತ್ತು. ಚಿಕ್ಕತಾಯಮ್ಮ ಹೋದಳಲ್ಲ ಎನ್ನುವ ದುಃಖಕ್ಕಿಂತ ಮೊದಲು ನನ್ನ ಮನಸ್ಸಿಗೆ ಬಂದದ್ದು ಬೇರೆ ಮಾತು. ಅದನ್ನು ಬರೆಯಲು ನಾಚಿಕೆಯಾಗುತ್ತದೆ. ಆ ವಿಷಯ ಇನ್ನು ನನ್ನೊಬ್ಬಳಿಗೇ ಗೊತ್ತು ಅಂದುಕೊಂಡೆ.

ಭಾನುವಾರ ಬೆಳಗ್ಗೆ ನಾಗಮಂಗಲದ ಬಸ್ಸು ಹಿಡಿದೆ. ಪಾಂಡವಪುರದವರೆಗೆ ರಸ್ತೆಯ ಎರಡೂ ಕಡೆ ಕಬ್ಬು, ಭತ್ತ, ನಾಲೆಯ ನೀರು. ಅಲ್ಲಿಂದ ಮುಂದೆ ಜಕ್ಕನಹಳ್ಳಿ ದಾಟಿದರೆ ನೀರು ಹಿಂದೆ ಉಳಿದು ಕೆಂಪು ನೆಲ, ತೆಂಗು, ರಾಗಿ ಹೊಲ ಶುರುವಾಗುತ್ತವೆ. ಹೊಣಕೆರೆ ಹೋಬಳಿಯ ಆ ಊರಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬಸ್ಸು ಇಳಿದು ತೋಟದ ಮನೆಯ ಕಡೆ ನಡೆಯುತ್ತಿದ್ದಾಗ ದನಕ್ಕೆ ಹುರುಳಿ ಬೇಯಿಸುತ್ತಿದ್ದ ವಾಸನೆ ಮೂಗಿಗೆ ಬಡಿಯಿತು. ಸಣ್ಣಗೆ ಮಳೆ ಹನಿಯುತ್ತಿತ್ತು. ಹುರುಳಿಯ ಹಬೆಗೆ ಮಳೆಯಲ್ಲಿ ಒಂಥರಾ ಘಾಟು ಬರುತ್ತದೆ. ಏಳು ವರ್ಷದ ಹಿಂದಿನ ಆ ಮಳೆಗಾಲವೆಲ್ಲ ನನಗೆ ಇದೇ ವಾಸನೆ. ಛತ್ರಿ ಹಿಡಿದುಕೊಂಡು ದಾರಿಯಲ್ಲೇ ಸ್ವಲ್ಪ ಹೊತ್ತು ನಿಂತೆ.

ನಾನು ಕೆ.ಆರ್. ಪೇಟೆ ಕಡೆಯವಳು, ಹೇಮಗಿರಿಯ ಹತ್ತಿರ. ಹೊಳೆ ನೀರು ಕುಡಿದು ಬೆಳೆದ ನನ್ನನ್ನು ಕೊಳವೆ ಬಾವಿ ನೆಚ್ಚಿದ ಈ ಊರುಗಳಿಗೆ ಕಿರಿಯ ಆರೋಗ್ಯ ಸಹಾಯಕಿ ಎಂದು ಹಾಕಿದಾಗ ಮೂಗು ಮುರಿದಿದ್ದೆ. ನಾಲ್ಕು ಊರು, ಒಂದು ಉಪಕೇಂದ್ರ, ಒಂದು ಸ್ಕೂಟಿ. ಬಸುರಿಯರ ರಕ್ತದೊತ್ತಡ ನೋಡುವುದು, ಮಕ್ಕಳಿಗೆ ಲಸಿಕೆ ಹಾಕುವುದು, ಜ್ವರದವರ ರಕ್ತ ತೆಗೆಯುವುದು, ಇಷ್ಟನ್ನೂ ಮಾಡಿ ಸಂಜೆ ಕೂತು ಎಲ್ಲವನ್ನೂ ಫೋನಿನಲ್ಲಿ ತುಂಬುವುದು. ಜನ ನನ್ನನ್ನು ಸಿಸ್ಟರ್ ಎನ್ನುತ್ತಿದ್ದರು. ಬೆನ್ನ ಹಿಂದೆ ಬೈಯೋ ಸಿಸ್ಟರ್ ಎನ್ನುತ್ತಿದ್ದರು. ಅದು ನನಗೆ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

ನನ್ನ ಬಾಯಿ ಚಿಕ್ಕಂದಿನಿಂದ ಜೋರು. ಈ ಕೆಲಸಕ್ಕೆ ಬಂದ ಮೇಲೆ ಅದಕ್ಕೆ ಒಂದು ನೆಪ ಸಿಕ್ಕಿತು. ಸ್ಕ್ಯಾನಿಂಗಿಗೆ ಹೋಗು ಎಂದು ನಯವಾಗಿ ಹೇಳಿದರೆ "ನಾಳೆ ನಾಡಿದ್ದು ಓಯ್ತೀನಿ ಬುಡಿ" ಎನ್ನುವ ಹೆಂಗಸು, ನಾಲ್ಕು ಜನರೆದುರು ಬೈದರೆ ಮಾರನೇ ದಿನವೇ ನಾಗಮಂಗಲದ ಬಸ್ಸು ಹತ್ತುತ್ತಿದ್ದಳು. ತಿಂಗಳ ಸಭೆಯಲ್ಲಿ ಡಾಕ್ಟರು ನನ್ನ ಪಟ್ಟಿಯನ್ನು ಎತ್ತಿ ತೋರಿಸಿ ಉಳಿದವರಿಗೆ ಬುದ್ಧಿ ಹೇಳುತ್ತಿದ್ದರು. ನನ್ನ ಪಟ್ಟಿಯಲ್ಲಿ ಒಂದು ಖಾನೆಯೂ ಖಾಲಿ ಇರುತ್ತಿರಲಿಲ್ಲ. ಹಾಗಾಗಿ ಬೈಗುಳವೂ ಒಂದು ಔಷಧಿ ಎಂದೇ ನಾನು ತಿಳಿದುಬಿಟ್ಟಿದ್ದೆ.

ಭವ್ಯ ಚಿಕ್ಕತಾಯಮ್ಮನ ಸೊಸೆ, ಯೋಗೇಶನ ಹೆಂಡತಿ. ತವರು ಪಾಂಡವಪುರ ತಾಲ್ಲೂಕಿನಲ್ಲಿ, ಕ್ಯಾತನಹಳ್ಳಿಯ ಆಚೆ ಒಂದು ಊರು. ಮದುವೆಯಾಗಿ ವರ್ಷ ತುಂಬುವುದರೊಳಗೆ ಬಸುರಿಯಾಗಿದ್ದಳು. ಮಾತು ಕಡಿಮೆ. ಏನು ಕೇಳಿದರೂ ಮೊದಲು ನಕ್ಕು, ಆಮೇಲೆ ಅತ್ತೆಯ ಮುಖ ನೋಡಿ, ಆಮೇಲೆ ಉತ್ತರ ಹೇಳುತ್ತಿದ್ದಳು. ಊರಿನಿಂದ ಅರ್ಧ ಮೈಲಿ ಆಚೆ ತೆಂಗಿನ ತೋಟದೊಳಗೆ ಅವರ ಮನೆ. ಎರಡು ಸೀಮೆ ಹಸು, ಡೇರಿಗೆ ಹಾಲು. ಯೋಗೇಶ ಬೆಳಗಿನ ಬಸ್ಸಿಗೆ ಕಾರ್ಖಾನೆ ಕೆಲಸಕ್ಕೆ ಹೋದರೆ ಸಂಜೆಗೆ ಬರುತ್ತಿದ್ದ. ಹಗಲೆಲ್ಲ ಅತ್ತೆ ಸೊಸೆ ಇಬ್ಬರೇ. ಇಬ್ಬರಿಗೂ ಚೆನ್ನಾಗಿ ಹೊಂದುತ್ತಿತ್ತು, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನು ಹೋದಾಗಲೆಲ್ಲ ಚಿಕ್ಕತಾಯಮ್ಮ ಹುರುಳಿ ಒಲೆಯ ಮುಂದಿನಿಂದ ಎದ್ದು ಬಂದು "ನಮ್ಮುಡ್ಗಿ ತೂಕ ಎಷ್ಟಾಯ್ತು ಸಿಸ್ಟ್ರಮ್ಮ" ಎಂದು ಕೇಳುತ್ತಿದ್ದಳು. ಹಾಲಿನ ಹಸುವಿನ ವಿಷಯ ಕೇಳಿದಷ್ಟೇ ಕಾಳಜಿಯಿಂದ ಕೇಳುತ್ತಿದ್ದಳು ಎಂದು ನಾನು ತಮಾಷೆ ಮಾಡಿದ್ದೂ ಉಂಟು.

ಆರನೇ ತಿಂಗಳಿನಲ್ಲಿ ಭವ್ಯಳ ರಕ್ತ ಪರೀಕ್ಷೆ ಮಾಡಿದರೆ ರಕ್ತದ ಅಂಶ ಕಳೆದ ಸಲಕ್ಕಿಂತ ಕಡಿಮೆ ಬಂತು. ಮಾತ್ರೆ ನುಂಗ್ತಿದ್ದೀಯಾ ಎಂದರೆ ನಕ್ಕಳು. ಅತ್ತೆಯ ಮುಖ ನೋಡಿದಳು. "ನುಂಗ್ತಾವ್ಳೆ ಕಣಮ್ಮ, ದಿನಾ ಉಂಡ್ಮೇಲೆ ನೀರು ತಕ್ಕಂಡು ಆಚೀಕೋಗ್ತಾಳೆ" ಎಂದಳು ಚಿಕ್ಕತಾಯಮ್ಮ. ಆಚೆ ಯಾಕೆ ಹೋಗುತ್ತಾಳೆ ಎಂದು ನನಗೆ ಅನುಮಾನ ಬಂದು ಹಿತ್ತಲಿಗೆ ಹೋಗಿ ನೋಡಿದೆ. ತೆಂಗಿನ ಮರದ ಬುಡದಲ್ಲಿ ಕಬ್ಬಿಣದ ಮಾತ್ರೆಗಳು ನೆನೆದು ಕಪ್ಪಗೆ ಕರಗಿ ಬಿದ್ದಿದ್ದವು. ಆ ಮಾತ್ರೆ ನುಂಗಿದರೆ ಮಗು ಕಪ್ಪಗೆ ಹುಟ್ಟುತ್ತದೆ ಎಂದು ಯಾರೋ ಅವಳಿಗೆ ಹೇಳಿದ್ದರಂತೆ.

ನಾನು ಕೂಗಾಡಿದೆ. ಹಾಲು ಹಾಕಿ ವಾಪಸು ಹೋಗುತ್ತಿದ್ದ ಇಬ್ಬರು ಹೆಂಗಸರು ನಿಂತು ನೋಡುತ್ತಿದ್ದರು. ಅವರು ನೋಡುತ್ತಿದ್ದಾರೆ ಎಂದೇ ನನ್ನ ದನಿ ಇನ್ನಷ್ಟು ಏರಿತು. ಓದಿದವಳಲ್ಲವಾ ನೀನು, ನಾಚಿಕೆಯಾಗಲ್ವಾ ಎಂದೆ. ಸರ್ಕಾರದ ಮಾತ್ರೆಯನ್ನು ಮರಕ್ಕೆ ಗೊಬ್ಬರ ಹಾಕ್ತೀಯಲ್ಲ ಎಂದೆ. ಕೊನೆಗೆ ಸ್ಕೂಟಿ ಹತ್ತುವಾಗ, "ನಾಳೆ ನಿನಗೆ ಏನಾದ್ರೂ ಆದ್ರೆ ನನ್ನ ಹತ್ರ ಬರಬೇಡ" ಎಂದೂ ಹೇಳಿದೆ. ಅದು ನಾನು ದಿನಕ್ಕೆ ನಾಲ್ಕು ಜನಕ್ಕೆ ಹೇಳುತ್ತಿದ್ದ ಮಾತು. ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ, ಬೈದ ಮಾರನೇ ವಾರ ಅವರೇ ಬಾಗಿಲು ತಟ್ಟುತ್ತಿದ್ದರು. ಭವ್ಯ ಮಾತ್ರ ತಲೆ ತಗ್ಗಿಸಿಕೊಂಡು ಸೆರಗಿನ ತುದಿ ಸುತ್ತುತ್ತ ನಿಂತಿದ್ದಳು. ಅವತ್ತು ಅವಳು ನಗಲಿಲ್ಲ.

ಶ್ರಾವಣದಲ್ಲಿ ಅವಳ ಸೀಮಂತವಾಯಿತು. ನನ್ನನ್ನೂ ಕರೆದಿದ್ದರು. ನಾನು ಮಧ್ಯಾಹ್ನ ಹೋಗಿ ರಕ್ತದೊತ್ತಡ ನೋಡಿ, ಊಟ ಮಾಡಿ ಬಂದೆ. ಒತ್ತಡ ಹಿಂದಿಗಿಂತ ಚೂರು ಮೇಲಿತ್ತು, ಗಾಬರಿ ಪಡುವಷ್ಟಿರಲಿಲ್ಲ, ಪ್ರತಿವಾರ ನೋಡುತ್ತಿರಬೇಕು ಎನ್ನುವಷ್ಟಿತ್ತು. ಅವಳ ತಾಯಿ ಬಂದಿದ್ದಳು. "ಸೋಮ್ವಾರ ಕರ್ಕಂಡೋಗ್ತೀನಿ ಕಣಮ್ಮ, ಬಾಣಂತನ ನಮ್ಮನೇಲೇ" ಎಂದಳು. ಅಲ್ಲಿಯ ಸಿಸ್ಟರಿಗೆ ಕಾರ್ಡು ತೋರಿಸಿ, ವಾರವಾರ ಬಿ.ಪಿ. ನೋಡಿಸಿ ಎಂದು ಹೇಳಿದೆ.

ನಮ್ಮ ಕಡೆ ಮೊದಲ ಬಸುರಿಯನ್ನು ಗಂಡನ ಮನೆಯಲ್ಲಿ ಹೆರಲು ಬಿಡುವುದಿಲ್ಲ. ಸೀಮಂತ ಮಾಡಿ, ಮಡಿಲು ತುಂಬಿ ತವರಿಗೆ ಕಳಿಸುತ್ತಾರೆ. ನಮ್ಮ ಕೆಲಸದಲ್ಲಿ ಇದಕ್ಕೊಂದು ಖಾನೆಯೇ ಇದೆ. ಫೋನಿನಲ್ಲಿ "ತವರಿಗೆ ಹೋಗಿದ್ದಾಳೆ" ಎಂದು ಒತ್ತಿ, ತವರಿನ ಊರು ತುಂಬಿದರೆ ಆಯಿತು. ಆ ಹೆಸರು ನಮ್ಮ ಪಟ್ಟಿಯಿಂದ ಮರೆಯಾಗಿ ಅಲ್ಲಿಯ ಸಿಸ್ಟರಿನ ಪಟ್ಟಿಗೆ ಹೋಗುತ್ತದೆ. ಹೆಂಗಸು ಹೋದ ಮೇಲೆ, ಹೋದಳೆಂದು ಖಾತ್ರಿ ಮಾಡಿಕೊಂಡು ಅದನ್ನು ಒತ್ತಬೇಕು. ಶನಿವಾರ ನನಗೆ ತಿಂಗಳ ಸಭೆ ಇತ್ತು. ಸಭೆಗೆ ಪಟ್ಟಿ ಚೊಕ್ಕವಾಗಿರಬೇಕು. ಸೋಮವಾರ ಹೇಗೂ ಹೋಗುತ್ತಾಳಲ್ಲ ಎಂದು ಶುಕ್ರವಾರ ಸಂಜೆಯೇ ಒತ್ತಿಬಿಟ್ಟೆ. ಟೀ ಕುಡಿಯುತ್ತಿದ್ದೆ. ಲೋಟ ಕೆಳಗಿಡದೆ ಹೆಬ್ಬೆರಳಿನಲ್ಲಿ ಒತ್ತಿದ್ದು ಈಗಲೂ ನೆನಪಿದೆ.

ಭಾನುವಾರ ಭವ್ಯಳ ದೊಡ್ಡಪ್ಪ ತೀರಿಕೊಂಡ. ತವರಿಗೆ ಸೂತಕ ಬಂತು. ಸೂತಕದ ಮನೆಗೆ ಬಸುರಿಯನ್ನು ಕಳಿಸುವುದಿಲ್ಲ. ಹನ್ನೊಂದು ದಿನ ಕಳೆಯುವಷ್ಟರಲ್ಲಿ ಅವಳಿಗೆ ಎಂಟನೇ ತಿಂಗಳು ಹತ್ತಿತ್ತು, ಎಂಟರಲ್ಲಿ ಬಸುರಿಯನ್ನು ಹೊಸಿಲು ದಾಟಿಸುವುದಿಲ್ಲ. ಅದರ ಹಿಂದೆಯೇ ಮಾರ್ನಮಿ ಪಕ್ಷ, ಹಿರಿಯರಿಗೆ ಎಡೆ ಇಡುವ ದಿನಗಳು, ಶುಭಕ್ಕೆ ಆಗದ ಹೊತ್ತು. ಒಂಬತ್ತು ಬಿದ್ದ ಮೇಲೆ ಒಳ್ಳೇ ದಿನ ನೋಡಿ ಕರೆದುಕೊಂಡು ಹೋಗಲಿ ಎಂದು ಎರಡೂ ಕಡೆಯವರು ಒಪ್ಪಿ ಅವಳನ್ನು ತೋಟದ ಮನೆಯಲ್ಲೇ ಇಟ್ಟುಕೊಂಡರು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಹೀಗಾಗಬಹುದು ಎಂದು ಅವತ್ತೇ ಯೋಚಿಸಬೇಕಿತ್ತು, ನಾನೇನು ಬೇರೆ ದೇಶದಿಂದ ಬಂದವಳಲ್ಲ. ನನ್ನ ಅಕ್ಕನನ್ನೂ ನನ್ನ ಅವ್ವ ಎಂಟರಲ್ಲಿ ಮಿಸುಕಲು ಬಿಟ್ಟಿರಲಿಲ್ಲ.

ಅದು ಜ್ವರದ ಮಳೆಗಾಲ. ಬಿಟ್ಟೂಬಿಡದೆ ಸೋನೆ. ತೊಟ್ಟಿ, ಟಯರು, ತೆಂಗಿನ ಚಿಪ್ಪು, ಎಲ್ಲಿ ನೋಡಿದರೂ ನೀರು, ಸೊಳ್ಳೆ. ಮನೆಗೆ ಇಬ್ಬರಂತೆ ಮಲಗಿದ್ದರು. ಆ ಊರಿನ ಆಶಾ ಕಾರ್ಯಕರ್ತೆ ಕೆಲಸ ಬಿಟ್ಟು ಹೋಗಿದ್ದಳು, ಹೊಸಬರು ಬಂದಿರಲಿಲ್ಲ. ಊರೊಳಗೆ ಯಾರು ಇದ್ದಾರೆ, ಯಾರು ಹೋದರು ಎಂದು ಹೇಳುವ ಬಾಯಿಯೇ ನನಗಿರಲಿಲ್ಲ. ಬೆಳಗ್ಗೆ ಎದ್ದು ಫೋನು ತೆರೆದರೆ ಇವತ್ತು ಯಾರ ಮನೆಗೆ ಎಂದು ಅದೇ ಹೇಳುತ್ತಿತ್ತು. ಅದು ಹೇಳಿದ ಮನೆಗೆ ಹೋಗುತ್ತಿದ್ದೆ. ಹೇಳದ ಮನೆಗೆ ಹೋಗುತ್ತಿರಲಿಲ್ಲ.

ಮುಂದಿನ ಊರಿಗೆ ಹೋಗುವ ದಾರಿಯ ತಿರುವಿನಲ್ಲಿ ಚಿಕ್ಕತಾಯಮ್ಮನ ಮನೆಯ ಅಂಗಳ ಕಾಣುತ್ತದೆ. ಆ ಒಂದು ತಿಂಗಳಿನಲ್ಲಿ ವಾರಕ್ಕೆ ಮೂರು ಸಲವಾದರೂ ಆ ತಿರುವು ದಾಟಿದ್ದೇನೆ. ಒಂದು ದಿನ ಹಗ್ಗದ ಮೇಲೆ ಗುಲಾಬಿ ಬಣ್ಣದ ನೈಟಿ ಒಣಗುತ್ತಿತ್ತು. ಚಿಕ್ಕತಾಯಮ್ಮ ಹುಟ್ಟಿದಾಗಿನಿಂದ ನೈಟಿ ತೊಟ್ಟವಳಲ್ಲ. ಅದು ನನ್ನ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಮಳೆ ಬರುವ ಹಾಗಿತ್ತು, ಬೇಗ ಹೋಗಬೇಕಿತ್ತು, ಹೋದೆ.

ಮಾರ್ನಮಿ ಹಬ್ಬಕ್ಕೆ ನಾಲ್ಕು ದಿನ ಇತ್ತು. ಗುರುವಾರ, ಅಂಗನವಾಡಿಯಲ್ಲಿ ಮಕ್ಕಳಿಗೆ ಲಸಿಕೆ ಹಾಕುತ್ತಿದ್ದೆ. ಅವತ್ತು ಕೆಲಸಕ್ಕೆ ಹೋಗದಿದ್ದ ಯೋಗೇಶ ಬೈಕು ನಿಲ್ಲಿಸಿದವನು ಸ್ಟ್ಯಾಂಡನ್ನೂ ಹಾಕದೆ ಬೀಳಿಸಿ ಓಡಿ ಬಂದ.

"ಸಿಸ್ಟರ್, ಬೇಗ ಬನ್ನಿ. ಕೈ ಕಾಲು ಸೆಟ್ಕಂಡು ಒದ್ದಾಡ್ತಾವ್ಳೆ. ಬಾಯಲ್ಲಿ ನೊರೆ ಬತ್ತೈತೆ."

"ಯಾರಪ್ಪ?"

"ಭವ್ಯ ಕಣ್ ಸಿಸ್ಟರ್."

"ಭವ್ಯ ತವರಲ್ಲಿದ್ದಾಳಲ್ಲ."

"ಎಲ್ಲೋದ್ಲು ಸಿಸ್ಟರ್, ಮನೇಲೇ ಅವ್ಳೆ."

ನನ್ನ ಕೈಯಲ್ಲಿ ಸಿರಿಂಜಿತ್ತು. ಅದನ್ನು ಎಲ್ಲಿಟ್ಟೆನೋ ಗೊತ್ತಿಲ್ಲ. ಚೀಲ ಎತ್ತಿಕೊಂಡು ಅವನ ಹಿಂದೆ ಕೂತೆ. ಮನೆಯಲ್ಲಿ ಭವ್ಯಳನ್ನು ನಡುಮನೆಯ ಚಾಪೆಯ ಮೇಲೆ ಮಲಗಿಸಿದ್ದರು. ಅಕ್ಕಪಕ್ಕದ ತೋಟದವರು ಸೇರಿದ್ದರು, ಯಾರೋ ಅವಳ ಅಂಗೈಗೆ ಬೀಗದ ಕೈ ಗೊಂಚಲು ತುರುಕಿದ್ದರು. ಒಬ್ಬ ಮುದುಕ ಗಾಳಿ ಮೆಟ್ಟೈತೆ ಎನ್ನುತ್ತಿದ್ದ. ಕಾಲು ಬಾತು ಉಂಗುರ ಬೆರಳೊಳಗೆ ಹೂತುಹೋಗಿತ್ತು. ಮುಖದ ಗುರುತೇ ಸಿಗುತ್ತಿರಲಿಲ್ಲ. ತೋಳಿಗೆ ಪಟ್ಟಿ ಕಟ್ಟಿ ಬಿ.ಪಿ. ನೋಡಿದರೆ ಮುಳ್ಳು ನಾನು ಯಾವ ಬಸುರಿಯಲ್ಲೂ ನೋಡಿರದ ಜಾಗದಲ್ಲಿ ನಿಂತಿತು. ಹೀಗಾದಾಗ ಕೊಡಬೇಕು ಎಂದು ತರಬೇತಿಯಲ್ಲಿ ಕಲಿಸಿದ್ದ ಇಂಜೆಕ್ಷನ್ನನ್ನು ಸೊಂಟದ ಎರಡೂ ಕಡೆ ಕೊಟ್ಟೆ. ಸರಿಯಾಗಿಯೇ ಕೊಟ್ಟೆ.

ಆಂಬುಲೆನ್ಸ್ ಇನ್ನೊಂದು ಕೇಸು ಹಾಕಿಕೊಂಡು ದೂರ ಹೋಗಿತ್ತು. ಡೇರಿಯ ಹಾಲಿನ ಗಾಡಿ ರಸ್ತೆಯಲ್ಲಿ ಬರುತ್ತಿತ್ತು, ಅದನ್ನೇ ನಿಲ್ಲಿಸಿದೆವು. ಕ್ಯಾನುಗಳನ್ನು ಮಳೆಯಲ್ಲೇ ಇಳಿಸಿ, ಒದ್ದೆ ತಗಡಿನ ಮೇಲೆ ಕಂಬಳಿ ಹಾಸಿ ಮಲಗಿಸಿದೆವು. ಚಿಕ್ಕತಾಯಮ್ಮ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ದಾರಿಯುದ್ದಕ್ಕೂ "ನಿದ್ದೆ ಮಾಡ್ತಾವ್ಳಾ ಸಿಸ್ಟ್ರಮ್ಮ, ನಿದ್ದೆ ತಾನೇ ಇದು" ಎಂದು ಕೇಳುತ್ತಲೇ ಇದ್ದಳು. ಹೌದು, ನಿದ್ದೆ ಎಂದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಕಾದಿದ್ದವರ ಹಾಗೆ ಎತ್ತಿಕೊಂಡರು, ಮಾಡಬೇಕಾದ್ದು ಮಾಡಿ ಮಂಡ್ಯಕ್ಕೆ ಕಳಿಸಿದರು. ಅಲ್ಲಿ ಹೊಟ್ಟೆ ಕುಯ್ದು ಮಗು ತೆಗೆದರು. ಹೆಣ್ಣು ಮಗು, ಅಂಗೈ ಅಗಲ, ಆದರೂ ಅತ್ತಿತು. ಭವ್ಯ ಕಣ್ಣು ಬಿಡಲಿಲ್ಲ. ಮೂರನೇ ದಿನ ಬೆಳಗ್ಗೆ ಹೋಗಿಬಿಟ್ಟಳು. ಇಪ್ಪತ್ತೆರಡು ವರ್ಷ.

ಮಾರ್ನಮಿಯ ದಿನ ಆ ಮನೆಯಲ್ಲಿ ಹಿರಿಯರಿಗೆ ಎಡೆ ಇಡಲಿಲ್ಲ.

ಹೆರಿಗೆಯಲ್ಲಿ ತಾಯಿ ಸತ್ತರೆ ನಮ್ಮಲ್ಲಿ ಒಂದು ವಿಚಾರಣೆಯ ಸಭೆ ಮಾಡುತ್ತಾರೆ. ಯಾರಿಗೂ ಶಿಕ್ಷೆ ಕೊಡುವುದಕ್ಕಲ್ಲ, ಎಲ್ಲಿ ತಪ್ಪಿತು ಎಂದು ತಿಳಿಯುವುದಕ್ಕೆ. ಉದ್ದನೆಯ ಮೇಜಿನ ಆ ಕಡೆ ಮೇಲಿನವರು, ಈ ಕಡೆ ನಾನು. ಕೊನೆಯ ತಪಾಸಣೆ ಯಾವಾಗ ಎಂದರು. ಸೀಮಂತದ ದಿನ ಎಂದೆ. ಆಮೇಲೆ ಯಾಕೆ ಹೋಗಲಿಲ್ಲ ಎಂದರು. ನಾಲಿಗೆ ತುದಿಯಲ್ಲಿ ನಿಜ ಇತ್ತು. ಇನ್ನೂ ಹೋಗದವಳನ್ನು ಹೋದಳೆಂದು ಮೂರು ದಿನ ಮೊದಲೇ ಬರೆದೆ, ಆಮೇಲೆ ತಿರುಗಿ ನೋಡಲಿಲ್ಲ ಎಂದು ಹೇಳಬೇಕಿತ್ತು. ನಾನು ಹೇಳಿದ್ದು, "ತವರಿಗೆ ಹೋಗಿದ್ದಾಳೆ ಅಂತ ಮನೆಯವರು ತಿಳಿಸಿದ್ರು ಸಾರ್. ಕಳಿಸದೆ ಮನೇಲೇ ಇಟ್ಕೊಂಡಿದ್ದನ್ನ ನನಗೆ ಹೇಳ್ಲಿಲ್ಲ."

ಇಷ್ಟೇ ಸಾಕಾಯಿತು. ವರದಿಯಲ್ಲಿ ಮನೆಯವರ ನಿರ್ಲಕ್ಷ್ಯ, ಎಂಟನೇ ತಿಂಗಳಿನ ಮೂಢನಂಬಿಕೆ ಎಂದು ಬರೆದರು. ಅದು ಪೂರ್ತಿ ಸುಳ್ಳೂ ಅಲ್ಲ, ಅದಕ್ಕೇ ಅಷ್ಟು ಸಲೀಸಾಗಿ ನಿಂತಿತು. ಕಾಗದ ಕಚೇರಿಯಲ್ಲಿ ಉಳಿಯಿತು, ಮಾತು ಊರಿಗೆ ಬಂತು. "ಡಾಕ್ಟ್ರುಗಳೇ ಬರ್ದವ್ರಂತೆ, ಅತ್ತೆ ಇಟ್ಕಂಡಿದ್ದೇ ತಪ್ಪು ಅಂತ" ಎಂದು ಡೇರಿಯ ಮುಂದೆ ಹೆಂಗಸರು ಮಾತಾಡಿಕೊಳ್ಳುವುದನ್ನು ನಾನೇ ಕೇಳಿಸಿಕೊಂಡೆ. ಯೋಗೇಶ ತಾಯಿಯ ಜೊತೆ ಮಾತು ಬಿಟ್ಟ ಎಂದೂ ಕೇಳಿದೆ. ನನಗೆ ಊಟ ಸೇರುತ್ತಿರಲಿಲ್ಲ. ಹಾಗೆಂದು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಕೆಲಸ ಹೋಗುತ್ತದೆ ಎನ್ನುವ ಭಯ ಒಂದು ಕಡೆ. ಅದಕ್ಕಿಂತ, ಬೈಯೋ ಸಿಸ್ಟರು ತಾನೇ ತಪ್ಪು ಮಾಡಿದಳು ಎಂದು ಜನ ಅನ್ನುತ್ತಾರಲ್ಲ ಎನ್ನುವುದು ಹೆಚ್ಚು ಸುಡುತ್ತಿತ್ತು. ಇದೂ ನಿಜವೇ, ಬರೆದುಬಿಡುತ್ತೇನೆ.

ಮಗುವಿಗೆ ಆರು ವಾರವಾದಾಗ ಸೂಜಿ ಹಾಕಲು ತೋಟದ ಮನೆಗೆ ಹೋದೆ. ಮಳೆ ನಿಂತಿತ್ತು. ಹೊಲಗಳಲ್ಲಿ ರಾಗಿ ತೆನೆ ಕಂದು ತಿರುಗಿತ್ತು, ಅಲ್ಲಲ್ಲಿ ಕೊಯ್ಲು ಹಿಡಿದಿದ್ದರು. ಚಿಕ್ಕತಾಯಮ್ಮ ಅಂಗಳದ ಬಿಸಿಲಿನಲ್ಲಿ ಕಾಲು ಚಾಚಿ ಕೂತು, ಮೊಣಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದಳು. ತಾನೇ ಅರ್ಧ ಆಗಿದ್ದಳು. ನನ್ನನ್ನು ನೋಡಿ ಎಂದಿನಂತೆಯೇ "ಬನ್ನಿ ಸಿಸ್ಟ್ರಮ್ಮ, ಕೂತ್ಕಳಿ" ಎಂದಳು. ಸೂಜಿ ಹಾಕಿದೆ. ಮಗು ಕಿರುಚಿ ಅತ್ತಿತು. ಅವಳು ಎತ್ತಿಕೊಂಡು ಸಮಾಧಾನ ಮಾಡಿ, ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರು ತಂದು ನನ್ನ ಮುಂದೆ ಇಟ್ಟಳು.

ಕವರಿನ ತುಂಬ ಖಾಲಿ ಮಾತ್ರೆ ಪಟ್ಟಿಗಳು.

"ನೀವು ಬೈದ್ರಲ್ಲ, ಅವತ್ತಿಂದ ಒಂದು ದಿನಾನೂ ತಪ್ಪುಸ್ನಿಲ್ಲ ಕಣಮ್ಮ. ನುಂಗಿ ನುಂಗಿ ಇದ್ನ ಎತ್ತಿಟ್ಕತ್ತಿದ್ಲು. ಸಿಸ್ಟರ್ಗೆ ತೋರುಸ್ಬೇಕು ಅಂತಿದ್ಲು. ಕಾಲು ಊದ್ಕತು, ತಲೆನೋವು ಅಂತ ಬಟ್ಟೆ ಕಟ್ಕತಿದ್ಲು. ನಡೀ ಸಿಸ್ಟರ್ ತಾವ ಓಗನ ಅಂದ್ರೆ ಬ್ಯಾಡ ಅನ್ನೋಳು. ಅವ್ರು ನನ್ ತಾವ ಬರ್ಬೇಡ ಅಂದವ್ರೆ, ಇನ್ನೂ ಕ್ವಾಪ ಓಗಿಲ್ಲ, ಇಲ್ಲೇ ಗಾಡೀಲಿ ಓಗ್ತಾರೆ, ಈ ಕಡೆ ತಿರುಗೂ ನೋಡಲ್ಲ ಅನ್ನೋಳು. ನಿಮ್ ಗಾಡಿ ಸದ್ದು ಬಂದ್ರೆ ಬಾಗ್ಲಿಗೆ ಬಂದು ನಿಂತ್ಕಳೋಳು."

ನನಗೆ ಭವ್ಯಳ ಮೇಲೆ ಕೋಪ ಇರಲಿಲ್ಲ. ಬೈದದ್ದು ಸ್ಕೂಟಿ ಊರು ದಾಟುವಷ್ಟರಲ್ಲಿ ಮರೆತುಹೋಗಿತ್ತು. ಅವಳು ಅಲ್ಲಿದ್ದಾಳೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ಅವಳು ಮಾತ್ರ ಪ್ರತಿ ಸಲ ಬಾಗಿಲಿಗೆ ಬಂದು, ಇವತ್ತಾದರೂ ತಿರುಗುತ್ತಾರೇನೋ ಎಂದು ನೋಡಿ ಒಳಗೆ ಹೋಗುತ್ತಿದ್ದಳು. ಅಳು ತಡೆಯಲಾಗಲಿಲ್ಲ. ಅಳುತ್ತಲೇ ಎಲ್ಲವನ್ನೂ ಹೇಳಿದೆ. ಶುಕ್ರವಾರ ಸಂಜೆ ಫೋನಿನಲ್ಲಿ ಒತ್ತಿದ್ದು, ಪಟ್ಟಿಯಿಂದ ಹೆಸರು ಹೋದದ್ದು, ಸಭೆಯಲ್ಲಿ ನೀವೇ ಹೇಳಿದಿರಿ ಎಂದು ನಾನು ಸುಳ್ಳು ಹೇಳಿದ್ದು. ನಿಮ್ಮ ಮಗನಿಗೂ ಹೇಳುತ್ತೇನೆ, ಊರಿಗೂ ಹೇಳುತ್ತೇನೆ ಎಂದೆ.

ಮಗುವಿನ ಬೆನ್ನು ತಟ್ಟುತ್ತಿದ್ದ ಚಿಕ್ಕತಾಯಮ್ಮನ ಕೈ ನಿಂತಿತು. ಆ ಹೊತ್ತು ಅವಳು ನನ್ನ ಕೆನ್ನೆಗೆ ಬಾರಿಸಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಕೊನೆಗೆ ನನ್ನ ಮುಖ ನೋಡದೆಯೇ ಹೇಳಿದಳು.

"ಯಾರ್ಗೂ ಯೋಳ್ಬೇಡಿ. ನಿಮ್ಗಿಂತ ಮುಂದೆ ಇನ್ನೊಬ್ಬ ಸಿಸ್ಟರ್ ಇದ್ರು. ಒಂದು ಕೂಸು ಓಯ್ತು ಅಂತ ಊರೋರೆಲ್ಲ ಸೇರಿ ಓಡುಸ್ಬುಟ್ರು. ಆಮೇಲೆ ಎರಡ್ ವರ್ಸ ಯಾರೂ ಬರ್ನಿಲ್ಲ. ಬಂದೋರ್ ತಾವ ಯಾವಳೂ ಓಗ್ನಿಲ್ಲ. ಆ ಎರಡ್ ವರ್ಸದಲ್ಲಿ ನಮ್ಮೂರಲ್ಲಿ ಏನೇನಾಯ್ತು ಅಂತ ನಂಗೊತ್ತು. ನಿಮ್ ಮ್ಯಾಲೆ ಅಂದ್ರೆ ನಾಳೆ ಈ ಮಗೀಗೆ ಸೂಜಿ ಆಕೋರ್ ಯಾರು? ನನ್ ಮ್ಯಾಲೇ ಇರ್ಲಿ ಬುಡಿ. ನಾನೂ ಇಟ್ಕಂಡಿದ್ದು ನಿಜ ತಾನೇ."

"ಯೋಗೇಶನಿಗಾದರೂ ಹೇಳ್ತೀನಿ."

"ಅವ್ನು ಮೊದ್ಲು ನಿಮ್ನೇ ಓಡ್ಸೋನು. ಬ್ಯಾಡ. ನನ್ ಮಗ, ನಾನು ನೋಡ್ಕತೀನಿ. ಕ್ವಾಪ ಎಷ್ಟ್ ದಿನ ಇರ್ತದೆ."

ನಾನು ಒಪ್ಪಿಕೊಂಡೆ. ಒಪ್ಪಿಕೊಳ್ಳಬಾರದಿತ್ತು. ಅವಳು ಹೇಳಿದಳು ಎನ್ನುವುದು ನನ್ನ ನೆಪ, ಒಳಗೆ ನನಗೆ ನೆಮ್ಮದಿಯೇ ಆಗಿತ್ತು. ಆ ನೆಮ್ಮದಿಯನ್ನು ನಾನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ.

ಅದಾದ ಮೇಲೆ ನನ್ನ ದನಿ ಇಳಿಯಿತು. ಸಿಸ್ಟರು ಸಪ್ಪಗಾಗವ್ರೆ ಎಂದರು ಜನ. ಪಟ್ಟಿಯಲ್ಲಿ ಇರಲಿ ಬಿಡಲಿ, ಪ್ರತಿ ಬಾಗಿಲಿಗೂ ಹೋಗಿ ಇಣುಕಿ ಬರುವುದನ್ನು ಅಭ್ಯಾಸ ಮಾಡಿಕೊಂಡೆ. ತವರಿಗೆ ಹೋದವಳಿಗೆ ಅಲ್ಲಿ ತಲುಪಿದ ಮೇಲೆ ಫೋನು ಮಾಡಿ, ಅವಳ ದನಿ ಕೇಳಿದ ಮೇಲೆಯೇ ಬರೆಯುತ್ತಿದ್ದೆ. ಚಿಕ್ಕತಾಯಮ್ಮ ಹೇಳಿದ ಹಾಗೆಯೇ ನಡೆಯಿತು, ಊರಿನವರು ನನ್ನನ್ನು ನಂಬಿದರು. ಕೊರೋನಾ ಸೂಜಿಗೆ ಊರೇ ಹೆದರಿ ಬಾಗಿಲು ಹಾಕಿಕೊಂಡಾಗ ಮೊದಲು ತೋಳು ಒಡ್ಡಿದವಳು ಅವಳೇ. ಅದಾದ ವರ್ಷ ನನಗೆ ಶ್ರೀರಂಗಪಟ್ಟಣಕ್ಕೆ ವರ್ಗವಾಯಿತು. ಆಮೇಲೂ ಅವರೆಕಾಯಿ ಕಾಲದಲ್ಲಿ ಬಸ್ಸಿನ ಕಂಡಕ್ಟರ ಕೈಲಿ ಒಂದು ಚೀಲ ಕಳಿಸುತ್ತಿದ್ದಳು. ಫೋನಿನಲ್ಲಿ ಯೋಗೇಶ ಹೇಗಿದ್ದಾನೆ ಎಂದರೆ, "ಅವ್ನೆ, ಚೆಂದಾಗವ್ನೆ" ಎನ್ನುತ್ತಿದ್ದಳು. ಹಾಗಾದರೆ ಸರಿ ಹೋಗಿದ್ದಾನೆ ಎಂದು ನಾನು ತಿಳಿದುಕೊಂಡೆ, ಕೆದಕಿ ಕೇಳಲಿಲ್ಲ.

ಈ ಭಾನುವಾರ ತಿಥಿಯ ಊಟ ಮುಗಿದು ನೆಂಟರು ಒಬ್ಬೊಬ್ಬರೇ ಹೊರಟರು. ಭವ್ಯಳ ಮಗಳು ಎರಡನೇ ಕ್ಲಾಸಿನಲ್ಲಿದ್ದಾಳೆ, ಜಗುಲಿಯ ಮೇಲೆ ಇನ್ನೊಂದು ಮಗುವಿನ ಜೊತೆ ಜಗಳವಾಡುತ್ತಿದ್ದಳು. ಯೋಗೇಶ ಬಂದು ನನ್ನ ಪಕ್ಕ ಕೂತ. ತಲೆ ಬೋಳಿಸಿಕೊಂಡಿದ್ದ. ಚಿಕ್ಕ ವಯಸ್ಸಿಗೇ ಮುಖ ಬಾಡಿತ್ತು.

"ನಮ್ಮವ್ವ ಒಳ್ಳೇವ್ಳ್ ಕಣ್ ಸಿಸ್ಟರ್. ಮಗೀನ ಎಂಗ್ ಸಾಕುದ್ಲು ನೋಡಿ. ಅದೊಂದು ತಪ್ಪು ಮಾಡ್ಬುಟ್ಲು. ಏನ್ ಮಾಡದು, ಅವ್ಳಿಗೂ ಗೊತ್ತಾಗ್ನಿಲ್ಲ. ಮಣ್ ಮಾಡ್ವಾಗ ಅಂದ್ಕಂಡೆ, ಓಗ್ಲಿ, ಕ್ಷಮಿಸ್ಬುಡನ ಅಂತ."

ಅವನು ಇದನ್ನು ಬಹಳ ದೊಡ್ಡ ಮನಸ್ಸಿನಿಂದ ಹೇಳಿದ. ಅವನ ಕಣ್ಣಲ್ಲಿ ನೀರಿತ್ತು. ಹೌದಪ್ಪ ಎಂದು ಹೇಳಿ ಎದ್ದು ಬಂದಿದ್ದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ನನ್ನಿಂದ ಆಗಲಿಲ್ಲ.

"ಅದು ನಿಮ್ಮವ್ವನ ತಪ್ಪಲ್ಲ ಯೋಗೇಶ" ಎಂದೆ. "ನಂದು."

ಚಿಕ್ಕತಾಯಮ್ಮನ ಮುಂದೆ ಹೇಳಿದ್ದನ್ನೆಲ್ಲ ಅವನ ಮುಂದೆ ಹೇಳಿದೆ. ಒಂದನ್ನೂ ಬಿಡಲಿಲ್ಲ. ನನ್ನ ಹತ್ರ ಬರಬೇಡ ಎಂದದ್ದು, ಹೋಗುವ ಮೊದಲೇ ಹೋದಳೆಂದು ಬರೆದದ್ದು, ಸಭೆಯ ಸುಳ್ಳು. ಅವನು ತಲೆ ಎತ್ತದೆ ಕೇಳಿದ. ಕೂಗಾಡುತ್ತಾನೆ, ಹೊಡೆಯಲೂಬಹುದು ಎಂದು ಕಾದೆ. ಅವನು ಕೇಳಿದ್ದು ಒಂದೇ ಮಾತು.

"ಇದು ಅವ್ವಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿಂದ?"

"ಮಗುವಿಗೆ ಆರು ವಾರದ ಸೂಜಿ ಹಾಕಿದ ದಿನದಿಂದ. ನಿನಗೆ ಹೇಳಬೇಡ ಅಂದಳು."

ಒಳಗೆ ಯಾರೋ ಪಾತ್ರೆ ತೊಳೆಯುತ್ತಿದ್ದರು. ಯೋಗೇಶ ಎರಡೂ ಕೈಯಲ್ಲಿ ಬೋಳು ತಲೆ ಹಿಡಿದುಕೊಂಡು ಅಂಗಳದ ಕಡೆ ನೋಡುತ್ತ ಕೂತಿದ್ದ. ನನಗಲ್ಲ ಎನ್ನುವ ಹಾಗೆ, ಮೆಲ್ಲಗೆ ಹೇಳಿದ.

"ಏಳ್ ವರ್ಸ ಅವ್ಳ್ ಕೈಲಿ ಒಂದ್ ಲೋಟ ನೀರು ಈಸ್ಕಂಡು ಕುಡೀನಿಲ್ಲ ಸಿಸ್ಟರ್. ದಿನಾ ತಂದು ಮುಂದೆ ಮಡಗೋಳು. ದಿನಾ ಎತ್ಕಂಡೋಗಿ ಗಿಡಕ್ಕುಯ್ಯೋಳು."